ಅಪರಾಧ ಶೋಧನೆಯಲ್ಲಿ ವಿಜ್ಞಾನ

2024ನೆಯ ಇಸವಿ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಪ್ರಕರಣದ ಮೂರನೆಯ ಉಪಪ್ರಕರಣವನ್ನು ನಮ್ಮ ವಾಚಕರಲ್ಲಿ ನ್ಯಾಯವಾದಿಗಳೂ ಅಧಿಕಾರಿಗಳೂ ಈಗಾಗಲೇ ಓದಿರಬಹುದು. ಏಳು ವರ್ಷವಾಗಲಿ ಅದಕ್ಕಿಂತ ಹೆಚ್ಚಾಗಲಿ ಶಿಕ್ಷೆಗೆ ಗುರಿಯಾಗತಕ್ಕ ಅಪರಾಧವು ನಡೆದೆಡೆಗೆ ವಿಧಿವಿಜ್ಞಾನದ ತಜ್ಞನು ಸ್ವತಃ ಹೋಗಿ ಕುರುಹುಗಳನ್ನು ಸಂಗ್ರಹಿಸತಕ್ಕದ್ದು, ಆ ಕಾರ್ಯವನ್ನೆಲ್ಲ ಚಲಚ್ಚಿತ್ರದಲ್ಲಿ ಹಿಡಿದಿಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಇದನ್ನು ಆಚರಣೆಗೆ ತರುವುದಕ್ಕೆ ರಾಜ್ಯ ಸರಕಾರಗಳಿಗೆ ಐದು ವರ್ಷಗಳ ಅವಕಾಶವನ್ನು ಕೊಟ್ಟಿದೆ. ಅದೇ ಸಂಹಿತೆಯ 105ನೆಯ ಪ್ರಕರಣವು ಶೋಧನೆ ಜಪ್ತಿಗಳನ್ನೂ ಚಿತ್ರದಲ್ಲಿ ದಾಖಲೆಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ವಿಧಿಸುತ್ತದೆ. ಈ ಎರಡು ವಿಧಿಗಳನ್ನೂ ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಡೆಲ್ಲಿಯಲ್ಲಿ ಬರೆದ ವಿಧಿಯು ನೆಲಮಂಗಲದ ಹೆದ್ದಾರಿಯ ಮಗ್ಗುಲಿಗೂ ಹೊಸಕೋಟೆಯ ಕೆರೆಯಂಗಳಕ್ಕೂ ಬಂದು ಮುಟ್ಟುವಾಗ ಏನಾಗಿರುತ್ತದೆಂಬುದೇ ಪ್ರಶ್ನೆ.

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳ ಸ್ಥಿತಿಯು ಈ ವಿಷಯದಲ್ಲಿ ವಿಶೇಷವಾದುದು. ದೇವನಹಳ್ಳಿಯಲ್ಲಿ 2008ರಿಂದ ವಿಮಾನ ನಿಲ್ದಾಣವಿದೆ. ನೆಲಮಂಗಲದಲ್ಲಿ ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುತ್ತವೆ. ಹೊಸಕೋಟೆಯ ಮೂಲಕ ಕೋಲಾರ, ಮದರಾಸುಗಳ ಲಾರಿಗಳು ಹಗಲಿರುಳು ಹಾಯುತ್ತವೆ. ದೊಡ್ಡಬಳ್ಳಾಪುರದ ಮಗ್ಗಗಳಿಗೂ ಕಾರ್ಖಾನೆಗಳಿಗೂ ದೂರದ ಪ್ರಾಂತಗಳಿಂದ ಜನ ಬಂದು ಸೇರಿದ್ದಾರೆ. ನಗರದ ಸಂಪತ್ತು ಇಲ್ಲಿಗೆ ಹರಿದುಬಂದಂತೆ ನಗರದ ಪಾತಕವೂ ಬಂದಿದೆ. ಭೂಮಿಯ ಬೆಲೆ ಏರಿದೆಡೆಯಲ್ಲಿ ದಾಯಾದಿಗಳ ಜಗಳವು ಮೊದಲಿನಂತೆ ಬೇಲಿಯ ಜಗಳವಾಗಿ ಮುಗಿಯುವುದಿಲ್ಲ. ಒಂದು ಶವವನ್ನು ಹೆದ್ದಾರಿಯ ಬದಿಯಲ್ಲೋ ನೀಲಗಿರಿಯ ತೋಪಿನಲ್ಲೋ ಎಸೆದು ಎರಡು ಗಂಟೆಗಳೊಳಗೆ ಬೇರೊಂದು ರಾಜ್ಯವನ್ನು ಸೇರಿಬಿಡಬಹುದು. ಇಂಥ ಕಡೆಯಲ್ಲಿ ಸತ್ತವನಾರು ಎಂಬುದನ್ನು ಹೇಳುವುದಕ್ಕೇ ಸಾಕ್ಷಿಗಳಿರುವುದಿಲ್ಲ; ಕೊಂದವನನ್ನು ಕಂಡವರು ಎಲ್ಲಿಂದ ಬರಬೇಕು? ಆಗ ಮಾತನಾಡತಕ್ಕವು ಮಣ್ಣು, ರಕ್ತದ ಕಲೆ, ಬೆರಳಿನ ಗುರುತು, ಹಲ್ಲು, ಕೂದಲು.

ಇವು ಮಾತನಾಡುವುವು, ನಿಜ. ಆದರೆ ನಾವು ಅವುಗಳಿಗೆ ಅವಕಾಶ ಕೊಡಬೇಕು. ಹಳ್ಳಿಯ ಹೊರಗೆ ಒಂದು ಹೆಣ ಬಿದ್ದಿದೆಯೆಂಬ ಸುದ್ದಿ ಹಬ್ಬಿದ ಕೂಡಲೆ ನೂರು ಮಂದಿ ಅಲ್ಲಿ ಸೇರುತ್ತಾರೆ. ಕರುಣೆಯಿಂದ ಒಬ್ಬನು ಬಟ್ಟೆ ಹೊದಿಸುತ್ತಾನೆ; ಮತ್ತೊಬ್ಬನು ಮುಖವನ್ನು ತಿರುಗಿಸಿ ನೋಡುತ್ತಾನೆ; ಈಚೆಗೆ ಕೈಯಲ್ಲಿ ಮೊಬೈಲು ಹಿಡಿದು ಚಿತ್ರ ತೆಗೆಯುವವರು ಬೇರೆ. ಪೋಲೀಸಿನವರು ಬರುವ ಹೊತ್ತಿಗೆ ಕಾಲಿನ ಗುರುತುಗಳಲ್ಲಿ ಕೊಂದವನದಾವುದು ನೋಡಬಂದವನದಾವುದು ಎಂಬುದು ಅಳಿಸಿಹೋಗಿರುತ್ತದೆ. ಆಮೇಲೆ ಮಹಜರು. ಪಂಚರಾಗಿ ರುಜು ಹಾಕತಕ್ಕವರು ಎಷ್ಟೋ ವೇಳೆ ಬರೆದುದನ್ನು ಓದದೆ ಹಾಕುವರು, ಮೂರು ವರ್ಷದ ಮೇಲೆ ಸೆಷನ್ಸ್ ನ್ಯಾಯಾಲಯದಲ್ಲಿ ನಿಂತು ‘ಠಾಣೆಗೆ ಕರೆದು ರುಜು ಹಾಕಿಸಿಕೊಂಡರು ಸ್ವಾಮಿ’ ಎನ್ನುವರು. ರಕ್ತ ಹತ್ತಿದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಅದರೊಳಗಣ ಸಾಕ್ಷಿಯೇ ಕೊಳೆತುಹೋಗುತ್ತದೆ. ವಿಷಪ್ರಾಶನದ ಸಂದೇಹವಿದ್ದಲ್ಲಿ ಜಠರ, ಯಕೃತ್ತು ಮೊದಲಾದುವುಗಳ ಭಾಗಗಳನ್ನು ಗಟ್ಟಿಯಾದ ಉಪ್ಪುನೀರಿನಲ್ಲಿ ಇಟ್ಟು ಕಳುಹಿಸಬೇಕು. ಫಾರ್ಮಲಿನ್ನಿನಲ್ಲಿ ಇಟ್ಟರೆ ವಿಷದ ಪತ್ತೆಯೇ ಕಷ್ಟವಾಗುತ್ತದೆ. ಇವು ಮಹಾವಿದ್ಯೆಗಳಲ್ಲ. ತಾಲ್ಲೂಕು ಆಸ್ಪತ್ರೆಯ ಶವಾಗಾರದ ನೌಕರನೂ ಠಾಣೆಯ ದಫೇದಾರನೂ ಒಂದು ವಾರದಲ್ಲಿ ಕಲಿಯಬಹುದಾದ ಸಂಗತಿಗಳು. ಮೊಕದ್ದಮೆಗಳು ಮುರಿದುಬೀಳುವುದು ಬಹುಮಟ್ಟಿಗೆ ಇಂಥ ಸಣ್ಣ ವಿಷಯಗಳಲ್ಲಿಯೇ.

ವಿಜ್ಞಾನವು ಪರದೇಶದಿಂದ ನಮಗೆ ದಾನವಾಗಿ ಬಂದ ವಸ್ತುವೆಂದು ತಿಳಿಯುವವರಿಗೆ ಇಲ್ಲಿ ಒಂದು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಬೆರಳಚ್ಚುಗಳನ್ನು ವರ್ಗೀಕರಿಸಿ ಲಕ್ಷಾಂತರ ಗುರುತುಗಳಲ್ಲಿ ಒಂದನ್ನು ನಿಮಿಷಗಳಲ್ಲಿ ಹುಡುಕಿ ತೆಗೆಯುವ ಕ್ರಮಕ್ಕೆ ಜಗತ್ತು ಇಂದಿಗೂ ಸರ್ ಎಡ್ವರ್ಡ್ ಹೆನ್ರಿಯ ಹೆಸರನ್ನೇ ಹೇಳುತ್ತದೆ. ಆ ಕ್ರಮದ ಗಣಿತವನ್ನು ಕಟ್ಟಿದವರು ಬಂಗಾಳದ ಪೋಲೀಸಿನಲ್ಲಿ ಅವನ ಕೈಕೆಳಗೆ ಇದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು. ಬೆರಳಚ್ಚಿನ ಕಾರ್ಯಾಲಯವು ಕಲ್ಕತ್ತೆಯಲ್ಲಿ 1897ರಲ್ಲಿ ಸ್ಥಾಪಿತವಾಯಿತು. ಲಂಡನ್ನಿನ ಕಾರ್ಯಾಲಯವು ಆದದ್ದು 1901ರಲ್ಲಿ. ಹೆನ್ರಿಯು ಲಂಡನ್ ಪೋಲೀಸಿನ ಕಮಿಷನರನಾದನು. ಹಕ್, ಬೋಸ್ ಇಬ್ಬರಿಗೂ ಬಹಳ ಕಾಲದ ಮೇಲೆ ಒಂದೊಂದು ಬಿರುದೂ ಸ್ವಲ್ಪ ಹಣವೂ ದೊರೆತುವು.

ಆ ಮೊದಲ ದಿನಗಳ ಒಂದು ಮೊಕದ್ದಮೆಯು ನಮಗೆ ಈಗಲೂ ಪಾಠವಾಗಬಲ್ಲದು. ಬಂಗಾಳದ ಜಲ್ಪಾಯ್‌ಗುಡಿಯಲ್ಲಿ ಚಹಾ ತೋಟದ ಮ್ಯಾನೇಜರನೊಬ್ಬನ ಕೊಲೆಯಾಗಿ, ಅವನ ಪೆಟ್ಟಿಗೆಯಿಂದ ಹಣ ಹೋಗಿತ್ತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲಿನ ಹೆಬ್ಬೆರಳಿನ ಗುರುತು, ಹಿಂದೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದ ಒಬ್ಬ ಹಳೆಯ ಸೇವಕನ ಗುರುತಿಗೆ ಸರಿಹೊಂದಿತು. 1898ರಲ್ಲಿ ವಿಚಾರಣೆ ನಡೆದಾಗ ನ್ಯಾಯಾಲಯವು ಅವನಿಗೆ ಕಳವಿಗಾಗಿ ಶಿಕ್ಷೆ ವಿಧಿಸಿತು. ಕೊಲೆಯ ಆರೋಪದಿಂದ ಬಿಡುಗಡೆಮಾಡಿತು. ಬೆರಳಿನ ಗುರುತು ಅವನು ಅಲ್ಲಿ ಇದ್ದನೆಂಬುದನ್ನು ಹೇಳಿತೇ ಹೊರತು ಕೊಂದನೆಂಬುದನ್ನು ಹೇಳಲಿಲ್ಲ. ವಿಜ್ಞಾನವು ಎಲ್ಲಿಯವರೆಗೆ ಮಾತನಾಡಿತೋ ಅಲ್ಲಿಯವರೆಗೆ ಕೇಳಿ, ಅದು ನಿಂತಲ್ಲಿ ನ್ಯಾಯಾಧೀಶರೂ ನಿಂತರು. ಪರದೇಶೀಯರ ಆಳ್ವಿಕೆಯಲ್ಲಿ, ಅದರಲ್ಲಿಯೂ ಚಹಾ ತೋಟಗಳ ಸೀಮೆಯಲ್ಲಿ, ಇಷ್ಟು ವಿವೇಕ ನಡೆದದ್ದು ಆಶ್ಚರ್ಯವೇ ಸರಿ.

ಈ ವಿವೇಕವು ನಮ್ಮ ಬೆಂಗಳೂರಿನಲ್ಲಿಯೇ, ಸ್ವತಂತ್ರ ಭಾರತದಲ್ಲಿ, ಕೆಲವು ವರ್ಷ ಕಾಣೆಯಾಗಿತ್ತೆಂಬುದನ್ನು ನಾವು ವಿಷಾದದಿಂದ ನೆನೆಯಬೇಕಾಗಿದೆ. ಈ ಶತಮಾನದ ಮೊದಲ ದಶಕದಲ್ಲಿ ದೇಶದ ನಾನಾ ಮೂಲೆಗಳಿಂದ ಆಪಾದಿತರನ್ನು ಬೆಂಗಳೂರಿಗೆ ಕರೆತಂದು ಮಂಪರು ಪರೀಕ್ಷೆಗೆ ಗುರಿಮಾಡುತ್ತಿದ್ದರು. ಸೋಡಿಯಂ ಪೆಂಟೊಥಾಲ್ ಎಂಬ, ಶಸ್ತ್ರಚಿಕಿತ್ಸೆಯಲ್ಲಿ ಜ್ಞಾನ ತಪ್ಪಿಸುವುದಕ್ಕೆ ಬಳಸುವ ಔಷಧವನ್ನು ನರದ ಮೂಲಕ ಮೆಲ್ಲಮೆಲ್ಲನೆ ಏರಿಸಿ, ಪೂರ್ತಿ ನಿದ್ರೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿಟ್ಟು ಪ್ರಶ್ನೆ ಕೇಳುವುದೇ ಈ ಪರೀಕ್ಷೆ. ಆ ಸ್ಥಿತಿಯಲ್ಲಿ ಮನುಷ್ಯನ ಅಂಕೆ ಸಡಿಲಿ ನಾಲಿಗೆ ಬಿಚ್ಚುತ್ತದೆ. ಸತ್ಯವೇ ಹೊರಬರುತ್ತದೆಂಬುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಕೇಳುವವನು ಪ್ರಶ್ನೆಯಲ್ಲಿಯೇ ಉತ್ತರವನ್ನು ಇಟ್ಟರೆ ಮಂಪರಿನಲ್ಲಿರುವವನು ಅದನ್ನೇ ಎತ್ತಿ ಹೇಳುವನು. ಕನಸನ್ನೂ ಕಂಡುದನ್ನೂ ಕೂಡಿಸಿ ಆಡುವನು. ಗಟ್ಟಿ ಮನಸ್ಸಿನವನು ಸುಳ್ಳನ್ನೂ ಹೇಳಬಲ್ಲನು. ಛಾಪಾಕಾಗದದ ಹಗರಣದ ಅಬ್ದುಲ್ ಕರೀಂ ತೆಲಗಿಯು ಮಂಪರಿನಲ್ಲಿ ಆಡಿದ ಮಾತುಗಳ ಚಿತ್ರವನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ನೋಡಿತು. ನ್ಯಾಯಾಲಯದ ಮುಂದೆ ಬರಬಾರದ ಮಾತು ಎಲ್ಲರ ನಡುಮನೆಯ ಮುಂದೆ ಬಂದಿತ್ತು.

ಇದರ ಜೊತೆಗೆ ಉಸಿರು, ನಾಡಿ, ರಕ್ತದ ಒತ್ತಡಗಳ ಏರಿಳಿತವನ್ನು ನೋಡಿ ಸುಳ್ಳನ್ನು ಗುರುತಿಸುವೆವೆನ್ನುವ ಯಂತ್ರವೂ, ಮಿದುಳಿನ ವಿದ್ಯುತ್ತರಂಗಗಳಲ್ಲಿ ಅಪರಾಧದ ನೆನಪನ್ನು ಹಿಡಿಯುವೆವೆನ್ನುವ ಬ್ರೈನ್ ಮ್ಯಾಪಿಂಗ್ ವಿಧಾನವೂ ಇದ್ದುವು. ಹೆದರಿದ ನಿರಪರಾಧಿಯ ನಾಡಿಯೂ ವೇಗವಾಗಿಯೇ ಬಡಿಯುತ್ತದೆಂಬುದು ಯಾವ ಹಳ್ಳಿಯ ಪಂಡಿತನಿಗೂ ತಿಳಿದ ಸಂಗತಿ. ಮಿದುಳಿನ ಪರೀಕ್ಷೆಯ ವಿಷಯವನ್ನು 2008ರಲ್ಲಿ ನಮ್ಮ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ಪರಿಶೀಲಿಸಿದ ತಜ್ಞರ ಸಮಿತಿಯು, ಅದು ಶಾಸ್ತ್ರೀಯವಾಗಿ ಸಿದ್ಧವಾದುದಲ್ಲವೆಂದೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಾರದೆಂದೂ ಹೇಳಿತು. ಈ ವಿಧಾನದ ಸಂಶೋಧನೆ ಬೆಳೆದದ್ದೂ ಅದೇ ಸಂಸ್ಥೆಯ ಅಂಗಳದಲ್ಲಿ. ತನ್ನ ಮನೆಯ ಕೂಸನ್ನು ತಾನೇ ತೂಗಿ ನೋಡಿ ಹಗುರವೆಂದು ಹೇಳುವ ಧೈರ್ಯವು ವಿಜ್ಞಾನಕ್ಕೆ ಇರಬೇಕಾದ ಧೈರ್ಯ. ಅದನ್ನು ತೋರಿದ ವೈದ್ಯರನ್ನು ನಾವು ಅಭಿನಂದಿಸುತ್ತೇವೆ.

ಕರ್ನಾಟಕದ ಒಂದು ಕೊಲೆಯ ಮೊಕದ್ದಮೆಯಲ್ಲಿ ಇಂಥ ಪರೀಕ್ಷೆಗೆ ಒಳಪಡಲು ಒಪ್ಪದವರು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂದು ಪ್ರಸಿದ್ಧವಾಗಿರುವ ಆ ಅಪೀಲಿನ ಜೊತೆಗೆ ಬೇರೆ ಅಪೀಲುಗಳೂ ಸೇರಿ, ಮುಖ್ಯ ನ್ಯಾಯಾಧೀಶ ಕೆ. ಜಿ. ಬಾಲಕೃಷ್ಣನ್, ಆರ್. ವಿ. ರವೀಂದ್ರನ್, ಜೆ. ಎಂ. ಪಾಂಚಾಲ್ ಇವರು 2010ರ ಮೇ 5ರಂದು ತೀರ್ಪು ಕೊಟ್ಟರು. ಒಪ್ಪಿಗೆಯಿಲ್ಲದೆ ಈ ಮೂರು ಪರೀಕ್ಷೆಗಳಲ್ಲಿ ಯಾವುದನ್ನೂ ಮಾಡಕೂಡದು. ಮಾಡಿದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20ನೆಯ ಅನುಚ್ಛೇದಕ್ಕೂ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೆಯ ಅನುಚ್ಛೇದಕ್ಕೂ ಭಂಗ ಬರುತ್ತದೆ. ಒಪ್ಪಿಗೆಯನ್ನು ವಕೀಲರ ಸಲಹೆ ದೊರಕಿಸಿಕೊಟ್ಟು ಮ್ಯಾಜಿಸ್ಟ್ರೇಟರ ಮುಂದೆ ಪಡೆಯಬೇಕು. ಒಪ್ಪಿಗೆಯಿಂದ ನಡೆದ ಪರೀಕ್ಷೆಯಲ್ಲಿಯೂ ಆಡಿದ ಮಾತು ಸ್ವತಃ ಸಾಕ್ಷ್ಯವಲ್ಲ, ಅದರ ಸಹಾಯದಿಂದ ಹೊಸದಾಗಿ ದೊರೆತ ವಸ್ತು ಮಾತ್ರ ಸಾಕ್ಷ್ಯವಾಗಬಹುದು. ಇದೇ ನಿಯಮವನ್ನು 2025ರ ಜೂನಿನಲ್ಲಿ ಬಿಹಾರದ ಒಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಮತ್ತೆ ಎತ್ತಿ ಹೇಳಿದೆ. ಹದಿನೈದು ವರ್ಷಗಳ ಮೇಲೂ ಹೇಳಬೇಕಾಗಿ ಬಂದಿತೆಂಬುದೇ ಯೋಚಿಸತಕ್ಕ ವಿಷಯ.

ಅಪೀಲು ನ್ಯಾಯಾಲಯದಲ್ಲಿ ಇದ್ದ ಆ ಆರು ವರ್ಷಗಳಲ್ಲಿ ಪರೀಕ್ಷೆಗಳು ನಿಲ್ಲಲಿಲ್ಲ. 2006ರ ಜುಲೈ 11ರಂದು ಮುಂಬಯಿಯ ರೈಲುಗಳಲ್ಲಿ ಬಾಂಬುಗಳು ಸಿಡಿದು ಸುಮಾರು 190 ಮಂದಿ ಪ್ರಾಣ ಕಳೆದುಕೊಂಡಾಗ, ಆಪಾದಿತರಲ್ಲಿ ಕೆಲವರನ್ನು ಬೆಂಗಳೂರಿಗೆ ತಂದು ಮಂಪರಿನಲ್ಲಿ ಪ್ರಶ್ನಿಸಲಾಯಿತು. 2015ರಲ್ಲಿ ವಿಶೇಷ ನ್ಯಾಯಾಲಯವು ಹನ್ನೆರಡು ಮಂದಿಗೆ ಶಿಕ್ಷೆ ವಿಧಿಸಿತು, ಅವರಲ್ಲಿ ಐವರಿಗೆ ಮರಣದಂಡನೆ. 2025ರ ಜುಲೈ 21ರಂದು ಮುಂಬಯಿ ಉಚ್ಚ ನ್ಯಾಯಾಲಯವು ತಪ್ಪೊಪ್ಪಿಗೆಗಳನ್ನು ನಂಬಲಾಗದೆಂದು ಹನ್ನೆರಡು ಮಂದಿಯನ್ನೂ ಬಿಡುಗಡೆ ಮಾಡಿತು. ಆ ತೀರ್ಪಿನ ಮೇಲೆ ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತೀರ್ಪನ್ನು ಇತರ ಮೊಕದ್ದಮೆಗಳಲ್ಲಿ ಆಧಾರವಾಗಿ ಹಿಡಿಯಕೂಡದೆಂದು ಮೂರೇ ದಿನಗಳಲ್ಲಿ ಅಲ್ಲಿಂದ ಆದೇಶವಾಯಿತಾದರೂ ಬಿಡುಗಡೆಯಾದವರನ್ನು ಮರಳಿ ಸೆರೆಗೆ ಕಳುಹಿಸಲಿಲ್ಲ. ಕೊನೆಯ ಮಾತು ಏನೇ ಆಗಲಿ, ಹತ್ತೊಂಬತ್ತು ವರ್ಷಗಳ ಮೇಲೂ ಆ ಮೃತರ ಬಂಧುಗಳಿಗೆ ನಿಶ್ಚಯವಾದ ಉತ್ತರ ದೊರೆತಿರಲಿಲ್ಲ. ಮಂಪರಿನ ಸೂಜಿಯಿಂದ ಶೀಘ್ರವಾಗಿ ಸತ್ಯ ಸಿಕ್ಕುವುದೆಂದು ನಂಬಿದವರು ಈ ಕಾಲಾವಧಿಯನ್ನು ಗಮನಿಸಬೇಕು.

ಇನ್ನೊಂದು ಸಂಗತಿ ನಮ್ಮ ಪ್ರಯೋಗಾಲಯದ ಮಾನಕ್ಕೇ ಸಂಬಂಧಿಸಿದುದು. 1992ರಲ್ಲಿ ಕೇರಳದಲ್ಲಿ ಸಂಭವಿಸಿದ ಒಬ್ಬ ಸಂನ್ಯಾಸಿನಿಯ ಸಾವಿನ ಮೊಕದ್ದಮೆಯಲ್ಲಿ ಬೆಂಗಳೂರಿನಲ್ಲಿ ನಡೆದ ಮಂಪರು ಪರೀಕ್ಷೆಯ ಮುದ್ರಿಕೆಗಳನ್ನು ತಿರುವನಂತಪುರದ ಸಿ-ಡಿಟ್ ಸಂಸ್ಥೆಯಲ್ಲಿ ಪರಿಶೀಲಿಸಿದಾಗ ಅವುಗಳಲ್ಲಿ ಕತ್ತರಿಸಿ ಜೋಡಿಸಿದ ಗುರುತುಗಳಿವೆಯೆಂದು ವರದಿಯಾಯಿತು. ಅದೇ ಕಾಲದಲ್ಲಿ, 2009ರಲ್ಲಿ, ಈ ಪರೀಕ್ಷೆಗಳಿಂದ ಹೆಸರು ಮಾಡಿದ್ದ ಅಧಿಕಾರಿಯೊಬ್ಬರನ್ನು ಪ್ರಮಾಣಪತ್ರಗಳಲ್ಲಿ ಸುಳ್ಳು ವಿವರ ಕೊಟ್ಟ ಆರೋಪದ ಮೇಲೆ ಕರ್ನಾಟಕ ಸರಕಾರದವರು ಕೆಲಸದಿಂದ ತೆಗೆದುಹಾಕಿದರು. ವ್ಯಕ್ತಿಯ ದೋಷವನ್ನು ಎತ್ತಿ ಆಡುವುದು ನಮ್ಮ ಉದ್ದೇಶವಲ್ಲ. ಒಬ್ಬರ ಕೈಯಲ್ಲಿ ಇಷ್ಟು ಅಧಿಕಾರವನ್ನು ಕೊಟ್ಟು, ಅದನ್ನು ಪರೀಕ್ಷಿಸುವ ಎರಡನೆಯ ಕಣ್ಣಿಲ್ಲದಂತೆ ವರ್ಷಗಟ್ಟಲೆ ನಡೆಸಿದ ವ್ಯವಸ್ಥೆಯನ್ನೇ ನಾವು ಆಕ್ಷೇಪಿಸುತ್ತಿದ್ದೇವೆ.

ಪೋಲೀಸಿನ ಮುಂದೆ ಹೇಳಿದ ತಪ್ಪೊಪ್ಪಿಗೆಯು ಸಾಕ್ಷ್ಯವಲ್ಲವೆಂಬ ನಿಯಮವು 1872ರ ಸಾಕ್ಷ್ಯದ ಕಾಯಿದೆಯ 25ನೆಯ ಪ್ರಕರಣದಿಂದ ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಪ್ರಕರಣದವರೆಗೆ ಉಳಿದುಬಂದಿದೆ. ಮದರಾಸು ಆಧಿಪತ್ಯದ ಠಾಣೆ ಕಚೇರಿಗಳಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯನ್ನು 1855ರ ಆಯೋಗವು ಬಯಲಿಗೆಳೆದ ಮೇಲೆ ಪರದೇಶದ ಸರಕಾರಕ್ಕೂ ಈ ನಿಯಮವನ್ನು ಮಾಡದೆ ವಿಧಿಯಿರಲಿಲ್ಲ. 2003ರಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿಯು, ಹಿರಿಯ ಪೋಲೀಸ್ ಅಧಿಕಾರಿಯು ಧ್ವನಿ ಚಿತ್ರಗಳೊಡನೆ ದಾಖಲೆಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಎಣಿಸಬಹುದೆಂದು ಸಲಹೆಮಾಡಿತು. ಆ ಸಮಿತಿಯ ವಿದ್ವತ್ತನ್ನು ನಾವು ಗೌರವಿಸುತ್ತೇವೆ. ಈ ಸಲಹೆಯನ್ನು ಒಪ್ಪಲಾರೆವು. ಚಿತ್ರಯಂತ್ರವು ತನ್ನ ಮುಂದೆ ನಡೆದುದನ್ನು ತೋರಿಸುತ್ತದೆ, ಅದನ್ನು ತೆರೆಯುವುದಕ್ಕೆ ಹಿಂದಿನ ರಾತ್ರಿ ಠಾಣೆಯಲ್ಲಿ ನಡೆದುದನ್ನು ತೋರಿಸಲಾರದು. ಬೆಂಗಳೂರಿನ ಹಲಸೂರು ಠಾಣೆಯ ಒಂದು ಕೊಲೆಯ ಮೊಕದ್ದಮೆಯಲ್ಲಿ ಇಂಥ ಚಿತ್ರದ ತಪ್ಪೊಪ್ಪಿಗೆಯನ್ನೇ ನೆಚ್ಚಿ ಶಿಕ್ಷೆ ವಿಧಿಸಿದ್ದನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ ಆಪಾದಿತರನ್ನು ಬಿಡುಗಡೆ ಮಾಡಿತು. ಕುರುಹುಗಳನ್ನು ಕೂಡಿಸುವ ಶ್ರಮಕ್ಕೆ ಬದಲಾಗಿ ಒಪ್ಪಿಗೆಯನ್ನು ಚಿತ್ರಿಸುವ ಸುಲಭವನ್ನು ಹಿಡಿದರೆ, ಅಪರಾಧಿಯೂ ತಪ್ಪಿಸಿಕೊಳ್ಳುತ್ತಾನೆ.

ಡಿ.ಎನ್.ಎ. ಪರೀಕ್ಷೆಯು ಮಂಪರಿನಂಥ ಮಾಯೆಯಲ್ಲ. ಅದು ದೃಢವಾದ ವಿದ್ಯೆ. ಹೈದರಾಬಾದಿನಲ್ಲಿ ಡಾಕ್ಟರ್ ಲಾಲ್‌ಜಿ ಸಿಂಗರು ಅದನ್ನು ನಮ್ಮ ದೇಶದಲ್ಲಿಯೇ ಬೆಳೆಸಿದರು. ಆದರೆ ವಿದ್ಯೆಯು ದೃಢವಾದ ಮಾತ್ರಕ್ಕೆ ಚೀಟಿ ಬದಲಾದ ಸೀಸೆಯು ಸತ್ಯ ಹೇಳಲಾರದು. 2025ರ ಜುಲೈಯಲ್ಲಿ ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ, ಮರಣದಂಡನೆಗೆ ಗುರಿಯಾಗಿದ್ದವನನ್ನು ಬಿಡುಗಡೆಮಾಡಿದ ಸರ್ವೋಚ್ಚ ನ್ಯಾಯಾಲಯವು ಮಾದರಿಗಳನ್ನು ಕಾಪಾಡಿದ ರೀತಿಯ ದೋಷಗಳನ್ನು ಎತ್ತಿ ತೋರಿಸಿ, ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳನ್ನು ಹಾಕಿಕೊಟ್ಟಿತು. ತೆಗೆದ ಮಾದರಿಯು 48 ಗಂಟೆಗಳೊಳಗೆ ಪ್ರಯೋಗಾಲಯವನ್ನು ಸೇರಬೇಕು. ಅರಗಿನ ಮೊಹರನ್ನು ವಿಚಾರಣಾ ನ್ಯಾಯಾಲಯದ ಅಪ್ಪಣೆಯಿಲ್ಲದೆ ಒಡೆಯಕೂಡದು. ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂಬುದಕ್ಕೆ ಪುಸ್ತಕವಿರಬೇಕು. ದೊಡ್ಡಬಳ್ಳಾಪುರದಿಂದ ಮಡಿವಾಳದ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಹೋದರೂ ಅರ್ಧ ದಿನದ ದಾರಿ. ನಮ್ಮ ಜಿಲ್ಲೆಯ ಠಾಣೆಗಳಿಗೆ ಈ 48 ಗಂಟೆಗಳನ್ನು ಮೀರುವುದಕ್ಕೆ ದೂರದ ನೆಪವಿಲ್ಲ. ಕಲಬುರಗಿಯ ಯಾವುದೋ ಕುಗ್ರಾಮದವರು ಹೇಳಬಹುದಾದ ನೆಪವನ್ನು ಹೊಸಕೋಟೆಯವರು ಹೇಳಲಾಗದು.

ಹೊಸಕೋಟೆಯ ಮಾತು ಬಂದುದರಿಂದ ಒಂದು ನೋವನ್ನು ಹೇಳಿಬಿಡುತ್ತೇವೆ. ಆ ತಾಲ್ಲೂಕಿನ ದಂಡುಪಾಳ್ಯವೆಂಬ ಊರಿನ ಹೆಸರು, ಕಳೆದ ಶತಮಾನದ ಕೊನೆಯಲ್ಲಿ ಒಂದು ಕ್ರೂರವಾದ ಗುಂಪು ಮಾಡಿದ ಕೊಲೆ ಸುಲಿಗೆಗಳಿಂದಾಗಿ, 2012ರ ಚಲಚ್ಚಿತ್ರದ ಮೇಲಂತೂ, ನಾಡಿನಲ್ಲಿ ಬೈಗುಳವಾಗಿ ಬಳಕೆಯಾಗುತ್ತಿದೆ. ಗುಂಪಿನ ಪಾತಕಕ್ಕೆ ಊರು ಹೊಣೆಯೇ? ಹುಟ್ಟಿದ ಎಡೆಯನ್ನೂ ಕುಲವನ್ನೂ ನೋಡಿ ಸಂದೇಹಪಡುವ ಅಭ್ಯಾಸವು ನಮ್ಮಲ್ಲಿ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಕಾಲದಿಂದ ಬೇರುಬಿಟ್ಟಿದೆ. ಇಡೀ ಜಾತಿಗಳ ಗಂಡಸರನ್ನೆಲ್ಲ ಪಟ್ಟಿಮಾಡಿ, ಬೆರಳಚ್ಚು ತೆಗೆದು, ಠಾಣೆಗೆ ಹಾಜರಿ ಹಾಕಿಸಿದ ಆ ಕಾಯಿದೆ 1952ರಲ್ಲಿ ರದ್ದಾಯಿತು; ಮನೋಭಾವವು ರದ್ದಾಯಿತೆಂದು ಹೇಳಲಾರೆವು. 2022ರ ಗುರುತು ಹಿಡಿಯುವ ಕಾಯಿದೆಯು ಬೆರಳಚ್ಚು ಮಾತ್ರವಲ್ಲದೆ ಕಣ್ಣಿನ ಪಾಪೆ, ಮೈಯ ಮಾದರಿ, ನಡವಳಿಕೆಯ ಲಕ್ಷಣಗಳನ್ನೂ ತೆಗೆದು 75 ವರ್ಷ ಇಡುವುದಕ್ಕೆ ಅಧಿಕಾರ ಕೊಡುತ್ತದೆ. ಈ ಮಹಾ ಉಗ್ರಾಣದಲ್ಲಿ ಯಾರ ಗುರುತುಗಳು ಹೆಚ್ಚಾಗಿ ತುಂಬುವುವು? ವಕೀಲರನ್ನು ಹಿಡಿಯಬಲ್ಲವರದಲ್ಲವೆಂಬುದನ್ನು ಊಹಿಸುವುದಕ್ಕೆ ಬಹಳ ಬುದ್ಧಿ ಬೇಕಾಗಿಲ್ಲ. ವಿಚಾರಣೆಯಿಲ್ಲದೆ ಬಿಡುಗಡೆಯಾದವರ ಮತ್ತು ನಿರ್ದೋಷಿಗಳೆಂದು ತೀರ್ಮಾನವಾದವರ ಗುರುತುಗಳನ್ನು ಅಳಿಸತಕ್ಕದ್ದೆಂದು ಕಾಯಿದೆ ಹೇಳುತ್ತದೆ. ಅಳಿಸುವ ಕೆಲಸವನ್ನು ಯಾವ ಕಚೇರಿಯ ಯಾವ ಗುಮಾಸ್ತನು ಯಾವ ದಿನ ಮಾಡುವನೆಂಬುದನ್ನು ನಮ್ಮ ಜಿಲ್ಲೆಯ ಅಧಿಕಾರಿಗಳು ಪ್ರಕಟಿಸಿದರೆ ಉಪಕಾರವಾಗುತ್ತದೆ.

ಪ್ರಯೋಗಾಲಯವು ಗೃಹ ಇಲಾಖೆಯ ಅಧೀನದಲ್ಲಿರುವುದನ್ನೂ ನಾವು ಒಪ್ಪುವುದಿಲ್ಲ. ಫಿರ್ಯಾದನ್ನು ನಡೆಸುವವನ ಮನೆಯಲ್ಲಿಯೇ ತಕ್ಕಡಿಯನ್ನು ಇಟ್ಟರೆ, ತೂಕ ಸರಿಯಾಗಿದ್ದರೂ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಅಲ್ಲಿನ ರಸಾಯನಶಾಸ್ತ್ರಜ್ಞರು ಪ್ರಾಮಾಣಿಕರಲ್ಲವೆಂದು ನಾವು ಹೇಳುತ್ತಿಲ್ಲ; ಅವರ ಪ್ರಾಮಾಣಿಕತೆಗೆ ರಕ್ಷಣೆ ಬೇಕೆಂದು ಹೇಳುತ್ತಿದ್ದೇವೆ. ಪೋಲೀಸಿನ ಊಹೆಗೆ ವಿರುದ್ಧವಾದ ವರದಿಯನ್ನು ಬರೆಯುವ ತಜ್ಞನಿಗೆ ಬಡ್ತಿಯ ಚಿಂತೆ ಇರಬಾರದು. ಅಂಥ ವರದಿಯ ಪ್ರತಿಯು ಆಪಾದಿತನ ವಕೀಲನಿಗೂ ತಪ್ಪದೆ ಸೇರಬೇಕು.

ಕರ್ನಾಟಕ ಸರಕಾರದವರು ಅಪರಾಧ ನಡೆದ ಸ್ಥಳಕ್ಕೆ ಹೋಗಿ ಕುರುಹುಗಳನ್ನು ಸಂಗ್ರಹಿಸುವುದಕ್ಕೆಂದೇ ‘ಸೋಕೋ’ ಎಂದು ಕರೆಯಲ್ಪಡುವ ವಿಜ್ಞಾನ ಪದವೀಧರರ ಹುದ್ದೆಗಳನ್ನು ನಿರ್ಮಿಸಿರುವುದು ಶ್ಲಾಘ್ಯವಾದ ಕಾರ್ಯ. ಆದರೆ ಸಂಗ್ರಹಿಸಿದ್ದನ್ನು ಪರೀಕ್ಷಿಸುವ ಕೈಗಳು ಹೆಚ್ಚದಿದ್ದರೆ ಮೂಟೆಗಳು ಮಾತ್ರ ಬೆಳೆಯುತ್ತವೆ. ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕುಳಿತಿರುವ ಅಧಿಕಾರಿಗಳು ನಾಲ್ಕು ತಾಲ್ಲೂಕುಗಳ ಶವಾಗಾರಗಳಲ್ಲಿ ಶೀತಪೆಟ್ಟಿಗೆ ನಡೆಯುತ್ತಿದೆಯೇ, ಉಪ್ಪು ಸೀಸೆ ಅರಗು ಕಾಗದದ ಚೀಲಗಳು ಇವೆಯೇ ಎಂಬುದನ್ನು ಸ್ವತಃ ಹೋಗಿ ನೋಡಲಿ. ಪ್ರತಿ ಠಾಣೆಯಿಂದ ಕಳೆದ ವರ್ಷ ಎಷ್ಟು ಮಾದರಿಗಳು ಹೋದುವು, ಎಷ್ಟು 48 ಗಂಟೆಗಳೊಳಗೆ ಸೇರಿದುವು, ಎಷ್ಟಕ್ಕೆ ವರದಿ ಬಂದಿತು, ಎಷ್ಟು ತಿಂಗಳಿಗೆ ಬಂದಿತು ಎಂಬ ಲೆಕ್ಕವನ್ನೂ, 176ನೆಯ ಪ್ರಕರಣದ ಐದು ವರ್ಷಗಳ ಗಡುವು 2029ರಲ್ಲಿ ತೀರುವುದಕ್ಕೆ ಮುಂಚೆ ಯಾವ ತಾಲ್ಲೂಕಿಗೆ ಎಷ್ಟು ಮಂದಿ ತಜ್ಞರನ್ನು ಕೊಡುವರೆಂಬುದನ್ನೂ ಗೃಹ ಮಂತ್ರಿಗಳು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಬೇಕು. ಅವರಾಗಿ ಇಡದಿದ್ದರೆ ಪ್ರಶ್ನೆಯನ್ನು ಕೇಳತಕ್ಕವರು ಈ ನಾಲ್ಕು ಕ್ಷೇತ್ರಗಳ ಪ್ರತಿನಿಧಿಗಳು. ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಇದೇ ಪುಟದಲ್ಲಿ ಅಚ್ಚುಮಾಡಲು ನಾವು ಸಿದ್ಧರಾಗಿದ್ದೇವೆ.